ಕಾಗದದ ಮೂರನೆಯ ಆಯಾಮ

ಚಿತ್ರವೆಂದರೆ ಉದ್ದ, ಅಗಲಗಳೆಂಬ ಎರಡೇ ಆಯಾಮಗಳ ವಸ್ತುವೆಂಬುದು ರೂಢಿಯ ಭಾವನೆ. ಚಿತ್ರಕಾರನು ಕಾಗದದ ಮೇಲೆ ಗೆರೆಯೆಳೆದು ಬಣ್ಣ ತುಂಬುವನು. ಕಾಗದವು ಮಾತ್ರ ಮೊದಲಿನಂತೆ ಚಪ್ಪಟೆಯಾಗಿಯೇ ಉಳಿಯುವುದು. ಆದರೆ ಪುಸ್ತಕಗಳಿಗೂ ಪತ್ರಿಕೆಗಳಿಗೂ ಚಿತ್ರ ಒದಗಿಸುವವರಲ್ಲಿ ಇಂದು ಬೇರೊಂದು ಪಂಗಡವೂ ಉಂಟು. ಇವರು ಕಾಗದದ ಮೇಲೆ ಬರೆಯುವುದರ ಬದಲು ಕಾಗದವನ್ನೇ ಕತ್ತರಿಸುವರು, ಮಡಿಸುವರು, ಪದರ ಪದರವಾಗಿ ನಿಲ್ಲಿಸುವರು. ಅದಕ್ಕೆ ದೀಪ ಹಿಡಿದು ಛಾಯಾಚಿತ್ರ ತೆಗೆಯುವರು. ಮತ್ತೆ ಕೆಲವರು ಆ ಕಾಗದದ ಬೊಂಬೆಯನ್ನು ಕೂದಲೆಳೆಯಷ್ಟು ಸರಿಸಿ, ಒಂದು ಚಿತ್ರ ತೆಗೆದು, ಮತ್ತೆ ಸರಿಸಿ, ಹೀಗೆ ಸಾವಿರಾರು ಚಿತ್ರಗಳನ್ನು ಕೂಡಿಸಿ ಅದನ್ನು ನಡೆದಾಡಿಸುವರು. ಲಾಸ್ ಏಂಜಲೀಸ್ ನಗರದ ಜೆಫ್ ನಿಶಿನಾಕಾ ಬಿಳಿಯ ಕಾಗದದಿಂದ ಶಿಲ್ಪಗಳನ್ನು ರಚಿಸುವರು. ಅಮೆರಿಕದ ರಾಬರ್ಟ್ ಸಬುಡಾ ಪುಟ ತೆರೆದೊಡನೆ ಎದ್ದುನಿಲ್ಲುವ ಚಿತ್ರಗಳ ಪುಸ್ತಕಗಳಿಗೆ ಹೆಸರಾದವರು. ಅವರ ‘ಆಲಿಸ್’ ಪುಸ್ತಕವು ೨೦೦೩ರಲ್ಲಿ ಪ್ರಕಟವಾಯಿತು. ಹರಿ ಮತ್ತು ದೀಪ್ತಿ ಎಂಬ ಭಾರತೀಯ ಕಲಾವಿದ ದಂಪತಿಗಳು ಕತ್ತರಿಸಿದ ಕಾಗದದ ಪದರಗಳನ್ನು ಪೆಟ್ಟಿಗೆಯೊಳಗೆ ಜೋಡಿಸಿ ಹಿಂದಿನಿಂದ ಬೆಳಕು ಕೊಡುವರು.

ಭೌತಶಾಸ್ತ್ರದ ವಿದ್ಯಾರ್ಥಿಗೆ ಇಲ್ಲಿ ಒಂದು ಪ್ರಶ್ನೆ ಏಳಬೇಕು. ಕಾಗದದ ಶಿಲ್ಪವು ಪತ್ರಿಕೆಯ ಪುಟದಲ್ಲಿ ಅಚ್ಚಾದಾಗ, ಅಥವಾ ತೆರೆಯ ಮೇಲೆ ಮೂಡಿದಾಗ, ಅದು ಮತ್ತೆ ಎರಡೇ ಆಯಾಮಗಳ ಚಿತ್ರವಾಯಿತಷ್ಟೆ? ಹಾಗಾದರೆ ಕಲಾವಿದನು ಶ್ರಮಪಟ್ಟು ತಂದ ಮೂರನೆಯ ಆಯಾಮವು ಎಲ್ಲಿ ಹೋಯಿತು? ಚಪ್ಪಟೆಯಾದ ಪುಟವನ್ನು ನೋಡಿಯೂ ನಮಗೆ ಆಳದ ಅನುಭವವಾಗುವುದು ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕಹೊರಟರೆ ನಾವು ಕೊನೆಗೆ ತಲಪುವುದು ನಮ್ಮ ನಾಡಿನ ತೊಗಲುಗೊಂಬೆಯವರ ದೀಪದ ಬಳಿಗೆ.

ಕಣ್ಣು ಆಳವನ್ನು ಅರಿಯುವ ಬಗೆ

ಬೆಂಗಳೂರಿನ ವೈಯಾಲಿಕಾವಲಿನಲ್ಲಿ ಚೌಡಯ್ಯ ಸ್ಮಾರಕ ಭವನವಿದೆ. ಏಳು ತಂತಿಯ ಪಿಟೀಲಿಗೆ ಹೆಸರಾದ ತಿರುಮಕೂಡಲು ಚೌಡಯ್ಯನವರ ನೆನಪಿಗಾಗಿ ಕಟ್ಟಿ, ೧೯೮೦ರಲ್ಲಿ ಮುಗಿಸಿದ ಈ ಕಟ್ಟಡಕ್ಕೆ ಪಿಟೀಲಿನದೇ ಆಕಾರ. ಇದರ ಛಾಯಾಚಿತ್ರವನ್ನೂ ಕಟ್ಟಡವನ್ನೂ ಹೋಲಿಸಿ ನೋಡಿದರೆ ಆಳದ ವಿಚಾರವು ಸ್ಪಷ್ಟವಾಗುವುದು. ರಸ್ತೆಯಲ್ಲಿ ಹತ್ತು ಮೀಟರ್ ನಡೆದರೆ, ಕಟ್ಟಡದ ಮುಂದಣ ಭಾಗಗಳು ಹಿಂದಣ ಭಾಗಗಳನ್ನು ದಾಟಿ ಸರಿದಂತೆ ಕಾಣುವುವು. ಹಿಂದೆ ಮರೆಯಾಗಿದ್ದುದು ಹೊರಬರುವುದು, ಕಾಣುತ್ತಿದ್ದುದು ಮರೆಯಾಗುವುದು. ಛಾಯಾಚಿತ್ರದ ಮುಂದೆ ಎಷ್ಟು ನಡೆದರೂ ಇದು ಆಗದು. ನೋಡುವವನ ಸ್ಥಾನ ಬದಲಾದಾಗ ಹತ್ತಿರದ ವಸ್ತುವು ದೂರದ ವಸ್ತುವಿಗಿಂತ ಹೆಚ್ಚು ಸರಿದಂತೆ ತೋರುವ ಈ ಸಂಗತಿಗೆ ದೃಗ್ಭೇದವೆಂದು ಹೆಸರು.

ನಡೆಯದೆ ನಿಂತಿದ್ದರೂ ನಮಗೆ ಒಂದು ಸಣ್ಣ ದೃಗ್ಭೇದವು ದೊರೆಯುವುದು. ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು ಆರೂವರೆ ಸೆಂಟಿಮೀಟರ್ ಅಂತರವಿದೆ. ಆದುದರಿಂದ ಎರಡು ಕಣ್ಣುಗಳಿಗೂ ಒಂದೇ ಚಿತ್ರ ಬೀಳುವುದಿಲ್ಲ. ಈ ಎರಡು ಚಿತ್ರಗಳ ವ್ಯತ್ಯಾಸದಿಂದಲೇ ಆಳದ ಭಾವನೆ ಹುಟ್ಟುವುದೆಂದು ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ನನು ೧೮೩೮ರಲ್ಲಿ ತನ್ನ ಸ್ಟೀರಿಯೋಸ್ಕೋಪ್ ಎಂಬ ಉಪಕರಣದ ಮೂಲಕ ತೋರಿಸಿದನು.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಕಾಗದದ ಒಂದು ಪದರವು ಇನ್ನೊಂದಕ್ಕಿಂತ ೫ ಮಿಲಿಮೀಟರ್ ಮುಂದಿದೆಯೆನ್ನೋಣ. ಅದನ್ನು ೫೦ ಸೆಂಟಿಮೀಟರ್ ದೂರದಿಂದ ನೋಡಿದರೆ ಎರಡು ಕಣ್ಣುಗಳ ಚಿತ್ರಗಳಲ್ಲಿ ಬರುವ ವ್ಯತ್ಯಾಸವು ಸುಮಾರು ನಾಲ್ಕೂವರೆ ಕೋನಮಿನಿಟು. ಡಿಗ್ರಿಯ ಅರವತ್ತನೆಯ ಒಂದು ಪಾಲಿಗೆ ಕೋನಮಿನಿಟೆಂದು ಹೆಸರು. ಒಳ್ಳೆಯ ಕಣ್ಣುಗಳಿಗೆ ಅರ್ಧ ಮಿನಿಟಿನಷ್ಟು ವ್ಯತ್ಯಾಸವೂ ಗೊತ್ತಾಗುವುದರಿಂದ ಪದರವು ಎದ್ದು ಕಾಣುವುದು. ಅದನ್ನೇ ೫ ಮೀಟರ್ ದೂರದಿಂದ ನೋಡಿದರೆ ದೂರವು ಹತ್ತರಷ್ಟಾಯಿತು. ವ್ಯತ್ಯಾಸವು ದೂರದ ವರ್ಗಕ್ಕೆ ವಿಲೋಮವಾಗಿರುವ ಕಾರಣ ನೂರರಲ್ಲಿ ಒಂದು ಪಾಲಿಗೆ ಇಳಿಯಿತು. ಇಷ್ಟು ಸಣ್ಣ ವ್ಯತ್ಯಾಸವನ್ನು ಕಣ್ಣು ಗುರುತಿಸಲಾರದು. ಇನ್ನು ಆ ಪದರಗಳ ಛಾಯಾಚಿತ್ರವನ್ನು ತೆಗೆದು ಪುಟದಲ್ಲಿ ಅಚ್ಚುಹಾಕಿದರೆ ವ್ಯತ್ಯಾಸವು ಪೂರ್ತಿಯಾಗಿ ಶೂನ್ಯ. ಎರಡು ಕಣ್ಣುಗಳ ಸಾಕ್ಷ್ಯವೂ ಹೋಯಿತು, ನಡೆದು ನೋಡುವ ಸಾಕ್ಷ್ಯವೂ ಹೋಯಿತು. ಒಂದು ವಸ್ತು ಇನ್ನೊಂದನ್ನು ಮರೆಮಾಡುವುದು ಚಿತ್ರದಲ್ಲಿ ಉಳಿಯುವುದೇನೋ ನಿಜ; ಆದರೆ ಯಾವುದು ಮುಂದೆ ಎಂಬುದನ್ನು ಮಾತ್ರ ಅದು ಹೇಳೀತು, ಎಷ್ಟು ಮುಂದೆ ಎಂಬುದನ್ನು ಹೇಳಲಾರದು. ಆ ಅಳತೆಯನ್ನು ಹೇಳಬಲ್ಲ ಸಾಕ್ಷಿಯೆಂದರೆ ಪುಟದ ಮೇಲೆ ಮುಖ್ಯವಾಗಿ ನೆರಳು. ಹೀಗಾಗಿ ಕಾಗದದಲ್ಲಿ ಕೆಲಸ ಮಾಡುವ ಚಿತ್ರಕಾರನು ಕತ್ತರಿಯನ್ನು ಹಿಡಿದಿದ್ದರೂ ವಾಸ್ತವವಾಗಿ ನೆರಳಿನಿಂದ ಚಿತ್ರ ಬರೆಯುತ್ತಿರುವನು.

ಮಡಿಕೆ ಮತ್ತು ಬೆಳಕು

ನೆರಳು ಬೀಳಬೇಕಾದರೆ ಕಾಗದ ಎದ್ದು ನಿಲ್ಲಬೇಕು. ಒಂದು ಹಾಳೆಯನ್ನು ಎರಡು ಪುಸ್ತಕಗಳ ನಡುವೆ ಸೇತುವೆಯಂತೆ ಇಟ್ಟರೆ ಅದು ತನ್ನ ಭಾರಕ್ಕೇ ಕುಸಿಯುವುದು. ಅದೇ ಹಾಳೆಯನ್ನು ಬೀಸಣಿಗೆಯಂತೆ ಒಂದೊಂದು ಸೆಂಟಿಮೀಟರಿಗೆ ಹಿಂದುಮುಂದಾಗಿ ಮಡಿಸಿ ಇಟ್ಟರೆ ಹಲವು ನಾಣ್ಯಗಳ ಭಾರವನ್ನು ಹೊರುವುದು. ಹಾಳೆಯ ದಪ್ಪ ಎರಡರಷ್ಟಾದರೆ ಅದು ಬಾಗುವಿಕೆಯನ್ನು ತಡೆಯುವ ಶಕ್ತಿ ಎಂಟರಷ್ಟಾಗುವುದೆಂಬುದು ನಿಯಮ; ಅಂದರೆ ಈ ಶಕ್ತಿಯು ದಪ್ಪದ ಘನಕ್ಕೆ ಅನುಗುಣವಾಗಿದೆ. ಮಡಿಸಿದಾಗ ಕಾಗದದ ವಸ್ತು ಹೆಚ್ಚದಿದ್ದರೂ ಅದು ನಡುವಣ ಮಟ್ಟದಿಂದ ಮೇಲಕ್ಕೂ ಕೆಳಕ್ಕೂ ದೂರ ಸರಿಯುವುದರಿಂದ, ತೆಳುವಾದ ಹಾಳೆಯು ದಪ್ಪ ಹಲಗೆಯ ಗುಣವನ್ನು ಸ್ವಲ್ಪಮಟ್ಟಿಗೆ ಪಡೆಯುವುದು. ಸಬುಡಾ ಅವರ ಪುಸ್ತಕಗಳಲ್ಲಿ ಪುಟದ ನಡುವೆ ಕೋಟೆಯೋ ಪ್ರಾಣಿಯೋ ಎದ್ದು ನಿಲ್ಲುವುದು ಈ ಗುಣದ ಬಲದಿಂದ. ಅದನ್ನು ಎಬ್ಬಿಸುವ ಶಕ್ತಿಯಾದರೋ ಪುಟ ತೆರೆಯುವ ಓದುಗನ ಕೈಯಿಂದಲೇ ಬಂದುದು.

ಮಡಿಕೆಯಿಂದ ಇನ್ನೊಂದು ಪ್ರಯೋಜನವುಂಟು. ಒರಟಾದ ಬಿಳಿಯ ಕಾಗದವು ಕನ್ನಡಿಯಂತೆ ಒಂದೇ ದಿಕ್ಕಿಗೆ ಬೆಳಕನ್ನು ಪ್ರತಿಫಲಿಸದೆ ಎಲ್ಲ ದಿಕ್ಕುಗಳಿಗೂ ಚದರಿಸುವುದು. ಅದರ ಮೇಲೆ ಬೀಳುವ ಬೆಳಕಿನ ಪ್ರಮಾಣವು ಅದು ದೀಪದ ಕಡೆಗೆ ಎಷ್ಟು ಮುಖ ಮಾಡಿದೆಯೆಂಬುದನ್ನು ಅವಲಂಬಿಸಿರುವುದು. ದೀಪಕ್ಕೆ ನೇರವಾಗಿ ಮುಖ ಮಾಡಿದ ಮಗ್ಗುಲು ಪೂರ್ಣ ಬೆಳಕು ಪಡೆದರೆ, ೬೦ ಡಿಗ್ರಿ ಓರೆಯಾದ ಮಗ್ಗುಲು ಅದರ ಅರ್ಧವನ್ನು ಪಡೆಯುವುದು. ಇದು ಕೋನದ ಕೊಸೈನಿನ ಲೆಕ್ಕ. ನಿಶಿನಾಕಾ ಅವರಂಥ ಕಲಾವಿದರು ಬಿಳಿಯ ಕಾಗದವೊಂದರಲ್ಲೇ ಬೂದು ಬಣ್ಣದ ಹತ್ತಾರು ಛಾಯೆಗಳನ್ನು ತೋರಿಸಬಲ್ಲರೆಂದರೆ, ಬಣ್ಣ ಹಚ್ಚುವುದಕ್ಕೆ ಬದಲಾಗಿ ಅವರು ಕೋನಗಳನ್ನು ಆರಿಸುತ್ತಿರುವರೆಂದೇ ಅರ್ಥ.

ನೆರಳಿನ ಅಂಚು

ಎಲ್ಲ ನೆರಳೂ ಒಂದೇ ತೆರನಾದುದಲ್ಲ. ದೀಪವು ಬಿಂದುವಿನಷ್ಟು ಚಿಕ್ಕದಾಗಿದ್ದರೆ ನೆರಳಿನ ಅಂಚು ಚೂಪಾಗಿ ಬೀಳುವುದು. ದೀಪಕ್ಕೆ ಗಾತ್ರವಿದ್ದರೆ ಅಂಚಿನ ಸುತ್ತ ಅರೆಗತ್ತಲೆಯ ಪಟ್ಟಿಯೊಂದು ಮೂಡುವುದು. ಗ್ರಹಣಗಳ ಪಾಠದಲ್ಲಿ ನಾವು ಇದನ್ನು ಉಪಚ್ಛಾಯೆಯೆಂದು ಕರೆಯುವೆವು. ಈ ಪಟ್ಟಿಯ ಅಗಲವನ್ನು ಲೆಕ್ಕಹಾಕುವುದು ಸುಲಭ. ದೀಪದ ಗಾತ್ರವನ್ನು ಪದರಗಳ ನಡುವಣ ಅಂತರದಿಂದ ಗುಣಿಸಿ, ದೀಪದಿಂದ ಮೇಲಿನ ಪದರಕ್ಕಿರುವ ದೂರದಿಂದ ಭಾಗಿಸಿದರಾಯಿತು. ೪ ಸೆಂಟಿಮೀಟರ್ ಗಾತ್ರದ ದೀಪವು ೮೦ ಸೆಂಟಿಮೀಟರ್ ದೂರದಲ್ಲಿದ್ದು, ಪದರಗಳ ನಡುವೆ ೨ ಸೆಂಟಿಮೀಟರ್ ಅಂತರವಿದ್ದರೆ ಉಪಚ್ಛಾಯೆಯ ಅಗಲ ೧ ಮಿಲಿಮೀಟರ್. ಇದು ಸಾಕಷ್ಟು ಸ್ಪಷ್ಟವಾದ ನೆರಳು. ಅದೇ ಜಾಗದಲ್ಲಿ ೧೨೦ ಸೆಂಟಿಮೀಟರ್ ಉದ್ದದ ಟ್ಯೂಬ್‌ಲೈಟನ್ನು ಇಟ್ಟರೆ, ಅದರ ಉದ್ದದ ದಿಕ್ಕಿನಲ್ಲಿ ಉಪಚ್ಛಾಯೆಯು ೩ ಸೆಂಟಿಮೀಟರಿಗೆ ಹರಡುವುದು; ನೆರಳು ಕರಗಿ, ಅದರೊಡನೆ ಆಳವೂ ಕರಗಿಹೋಗುವುದು. ಒಂದೇ ಕಾಗದದ ಶಿಲ್ಪವು ಒಂದು ಕೊಠಡಿಯಲ್ಲಿ ಜೀವಂತವಾಗಿ ತೋರಿ, ಇನ್ನೊಂದು ಕೊಠಡಿಯಲ್ಲಿ ಸಪ್ಪೆಯಾಗಿ ತೋರುವುದಕ್ಕೆ ಇದೇ ಕಾರಣ.

ಹರಿ–ದೀಪ್ತಿಯವರ ಪೆಟ್ಟಿಗೆಗಳಲ್ಲಿ ಬೆಳಕು ಎದುರಿನಿಂದ ಬೀಳುವುದರ ಬದಲು ಹಿಂದಿನಿಂದ ಹಾದುಬರುವುದು. ಪ್ರತಿಯೊಂದು ಪದರವೂ ತನಗೆ ಬಂದ ಬೆಳಕಿನ ಅರ್ಧವನ್ನು ಮುಂದಕ್ಕೆ ಬಿಡುವುದೆಂದು ಇಟ್ಟುಕೊಂಡರೆ, ಒಂದು ಪದರದ ಹಿಂದಿನಿಂದ ಅರ್ಧ, ಎರಡರಿಂದ ಕಾಲು, ಮೂರರಿಂದ ಅರೆಕಾಲು ಹೀಗೆ ಬೆಳಕು ಇಳಿಯುತ್ತ ಬರುವುದು. ಆದುದರಿಂದ ಹತ್ತಿರದ ಪದರವು ಎಲ್ಲಕ್ಕಿಂತ ಕಪ್ಪಾಗಿಯೂ ದೂರದ್ದು ಎಲ್ಲಕ್ಕಿಂತ ಬೆಳಕಾಗಿಯೂ ಕಾಣುವುವು. ಮಲೆನಾಡಿನಲ್ಲಿ ಬೆಟ್ಟಗಳ ಸಾಲುಗಳನ್ನು ನೋಡಿದವರಿಗೆ ಇದು ಪರಿಚಿತ ದೃಶ್ಯ. ಎದುರಿನ ಬೆಟ್ಟ ದಟ್ಟವಾಗಿಯೂ ಹಿಂದಿನವು ಒಂದಕ್ಕಿಂತ ಒಂದು ತೆಳುವಾಗಿಯೂ ಕಾಣುವುವಷ್ಟೆ? ಅಲ್ಲಿ ಕಾರಣ ಬೇರೆ. ನಡುವಣ ಗಾಳಿಯು ಚದರಿಸುವ ಬೆಳಕು ದೂರದ ಬೆಟ್ಟವನ್ನು ಮಂಕಾಗಿಸುವುದು. ಆದರೆ ಕಣ್ಣಿಗೆ ದೊರೆಯುವ ಸಾಕ್ಷ್ಯ ಒಂದೇ ಆದುದರಿಂದ ಒಂದು ಗೇಣು ಆಳದ ಪೆಟ್ಟಿಗೆಯಲ್ಲಿ ಹತ್ತು ಮೈಲಿಯ ಕಣಿವೆ ಮೂಡುವುದು.

ತೊಗಲುಗೊಂಬೆಯವರ ದೀಪ

ಕತ್ತರಿಸಿದ ಹಾಳೆಯ ಹಿಂದೆ ದೀಪವಿಟ್ಟು ಕಥೆ ಹೇಳುವುದು ಕನ್ನಡ ನಾಡಿಗೆ ಹೊಸದಲ್ಲ. ಕಿಳ್ಳೇಕ್ಯಾತ ಅಥವಾ ಶಿಳ್ಳೇಕ್ಯಾತರೆಂದು ಕರೆಯಲ್ಪಡುವ ಜನರು ತಲೆಮಾರುಗಳಿಂದ ರಾಮಾಯಣ, ಮಹಾಭಾರತಗಳನ್ನು ತೊಗಲುಗೊಂಬೆಗಳಲ್ಲಿ ಆಡಿಸುತ್ತ ಬಂದಿರುವರು. ಅವರ ಗೊಂಬೆಯ ಒಡಲು ಹದಮಾಡಿ ತೆಳುವಾಗಿಸಿದ ಚರ್ಮ. ಅದು ಬೆಳಕನ್ನು ಪೂರ್ತಿ ತಡೆಯದೆ ಸ್ವಲ್ಪ ಒಳಬಿಡುವುದು. ಬಣ್ಣ ಹಚ್ಚಿದ ಭಾಗವು ತೆರೆಯ ಮೇಲೆ ಬಣ್ಣದ ನೆರಳನ್ನೇ ಬೀಳಿಸುವುದು. ಕೊರೆದ ತೂತುಗಳು ಒಡವೆಯ ಹರಳುಗಳಂತೆ ಹೊಳೆಯುವುವು. ರಾಜರು, ದೇವತೆಗಳಿಗೆ ದೊಡ್ಡ ಗೊಂಬೆ, ಸೇವಕರಿಗೆ ಚಿಕ್ಕದು ಎಂಬ ಕ್ರಮವೂ ಉಂಟು.

ಈ ಆಟದಲ್ಲಿರುವ ಭೌತಶಾಸ್ತ್ರವನ್ನು ಗಮನಿಸಿ. ಗೊಂಬೆಯನ್ನು ತೆರೆಗೆ ಒತ್ತಿ ಹಿಡಿದರೆ ನಡುವಣ ಅಂತರವು ಶೂನ್ಯ. ಆದುದರಿಂದ ಉಪಚ್ಛಾಯೆಯೂ ಶೂನ್ಯ, ಪ್ರತಿಯೊಂದು ಗೆರೆಯೂ ಸ್ಪಷ್ಟ. ೨ ಸೆಂಟಿಮೀಟರ್ ಅಗಲದ ಜ್ವಾಲೆಯು ತೆರೆಯಿಂದ ಒಂದು ಮೀಟರ್ ಹಿಂದಿದೆಯೆಂದು ಭಾವಿಸಿ, ಗೊಂಬೆಯನ್ನು ತೆರೆಯಿಂದ ೧೦ ಸೆಂಟಿಮೀಟರ್ ಹಿಂದಕ್ಕೆ ಎಳೆಯೋಣ. ಆಗ ೯೦ ಸೆಂಟಿಮೀಟರ್ ಎತ್ತರದ ಗೊಂಬೆಯ ನೆರಳು ಒಂದು ಮೀಟರಿಗೆ ಬೆಳೆಯುವುದು, ಅಂಚು ೨ ಮಿಲಿಮೀಟರಿನಷ್ಟು ಮಸುಕಾಗುವುದು. ತೆರೆಗೂ ದೀಪಕ್ಕೂ ನಡುಮಧ್ಯಕ್ಕೆ ತಂದರೆ ನೆರಳು ಇಮ್ಮಡಿಯಾಗುವುದು, ಅಂಚು ೨ ಸೆಂಟಿಮೀಟರ್ ಹರಡುವುದು. ರಾಕ್ಷಸನು ಬೆಳೆಯುವುದೂ ದೇವತೆಯು ಮಂಜಿನಂತೆ ಕರಗಿ ಮಾಯವಾಗುವುದೂ ಹೀಗೆ ಒಂದೇ ಕೈಯ ಚಲನೆಯಿಂದ ಸಾಧ್ಯ. ಜ್ವಾಲೆಯು ಗಾಳಿಗೆ ಅಲುಗಿದಾಗ ನೆರಳೂ ಅಲುಗುವುದರಿಂದ ನಿಂತ ಗೊಂಬೆಯೂ ಉಸಿರಾಡುವಂತೆ ತೋರುವುದು.

ಕಾಗದಕ್ಕೆ ಚಲನೆ

ಜರ್ಮನಿಯ ಲೊಟ್ಟೆ ರೈನಿಗರ್ ಎಂಬಾಕೆ ಕಪ್ಪು ರಟ್ಟನ್ನು ಕತ್ತರಿಸಿ, ಕೀಲು ಜೋಡಿಸಿ, ಗಾಜಿನ ಮೇಲಿಟ್ಟು, ಕೆಳಗಿನಿಂದ ಬೆಳಕು ಕೊಟ್ಟು, ಮೇಲಿನ ಕ್ಯಾಮರಾದಿಂದ ಒಂದೊಂದೇ ಚಿತ್ರ ತೆಗೆದು ‘ರಾಜಕುಮಾರ ಅಹಮದನ ಸಾಹಸಗಳು’ ಎಂಬ ಪೂರ್ಣಾವಧಿಯ ಚಿತ್ರವನ್ನು ೧೯೨೬ರಲ್ಲಿ ಹೊರತಂದರು. ನಮ್ಮ ದೇಶದಲ್ಲಿ ದಾದಾಸಾಹೇಬ್ ಫಾಲ್ಕೆಯವರು ಅದಕ್ಕೂ ಮುಂಚೆ, ೧೯೧೨ರ ಸುಮಾರಿನಲ್ಲಿ, ಬಟಾಣಿಯ ಗಿಡವು ಬೆಳೆಯುವುದನ್ನು ಬಿಡಿಬಿಡಿ ಚಿತ್ರಗಳಲ್ಲಿ ಹಿಡಿದು ತೋರಿಸಿದ್ದರು.

ನಿಂತ ಚಿತ್ರಗಳು ಚಲಿಸುವಂತೆ ಕಾಣುವುದೇಕೆ? ಬೆಳಕಿನ ಮುದ್ರೆಯು ಕಣ್ಣಿನಲ್ಲಿ ಕ್ಷಣಕಾಲ ಉಳಿಯುವುದರಿಂದ ಎಂದು ಅನೇಕ ಪಠ್ಯಪುಸ್ತಕಗಳು ಹೇಳುವುವು. ಈ ವಿವರಣೆ ಸಾಲದು. ಮುದ್ರೆ ಉಳಿಯುವುದೊಂದೇ ಕಾರಣವಾಗಿದ್ದರೆ ಚಿತ್ರಗಳು ಒಂದರಮೇಲೊಂದು ಬಿದ್ದು ಕಲಸಿಹೋಗಬೇಕಾಗಿತ್ತೇ ಹೊರತು ಚಲನೆ ತೋರಬೇಕಾಗಿರಲಿಲ್ಲ. ೧೯೧೨ರಲ್ಲಿ ಮ್ಯಾಕ್ಸ್ ವರ್ತೈಮರ್ ಪ್ರಕಟಿಸಿದ ಪ್ರಯೋಗಗಳು ಈ ವಿಚಾರದಲ್ಲಿ ಪ್ರಸಿದ್ಧವಾದುವು. ಎರಡು ಸ್ಥಾನಗಳಲ್ಲಿ ಒಂದಾದಮೇಲೊಂದು ತಕ್ಕ ಅಂತರದಲ್ಲಿ ಗೆರೆಗಳನ್ನು ತೋರಿಸಿದಾಗ ನೋಡುವವನು ಎರಡನ್ನು ಕಾಣದೆ, ಒಂದೇ ಗೆರೆ ಸರಿದುದನ್ನು ಕಾಣುವನು. ಚಲನೆಯನ್ನು ಕಟ್ಟುವುದು ಮಿದುಳಿನ ಕೆಲಸ; ಕಲಾವಿದನು ಅದಕ್ಕೆ ಸಾಮಗ್ರಿಯನ್ನು ಮಾತ್ರ ಒದಗಿಸುವನು.

ಆ ಸಾಮಗ್ರಿಯು ಪ್ರಕೃತಿಯ ನಿಯಮಕ್ಕೆ ತಕ್ಕಂತೆ ಇರಬೇಕು. ಚಲನಚಿತ್ರದಲ್ಲಿ ಸೆಕೆಂಡಿಗೆ ೨೪ ಚಿತ್ರಗಳು ಹಾಯುವುವು. ಬೊಂಬೆಗಳ ಚಿತ್ರದಲ್ಲಿ ಒಂದು ಭಂಗಿಯನ್ನು ಅನೇಕ ವೇಳೆ ಎರಡು ಸಲ ತೆಗೆಯುವುದರಿಂದ ಸೆಕೆಂಡಿಗೆ ೧೨ ಭಂಗಿಗಳು ಬೇಕು. ಒಂದು ಮಿನಿಟಿಗೆ ೭೨೦. ಕಾಗದದಿಂದ ಮಾಡಿದ ಒಂದು ಕಲ್ಲು ಬೀಳಬೇಕೆನ್ನೋಣ. ನಿಜವಾದ ಕಲ್ಲು ಮೊದಲ ಭಂಗಿಯ ಹೊತ್ತಿಗೆ ೩.೪ ಸೆಂಟಿಮೀಟರ್ ಬಿದ್ದಿರುವುದು, ಎರಡನೆಯದಕ್ಕೆ ೧೩.೬, ಮೂರನೆಯದಕ್ಕೆ ೩೦.೬, ನಾಲ್ಕನೆಯದಕ್ಕೆ ೫೪.೪. ಭಂಗಿಗಳ ನಡುವಣ ಅಂತರಗಳು ೧, ೩, ೫, ೭ರ ಪ್ರಮಾಣದಲ್ಲಿರುವುವು. ಇದು ಗೆಲಿಲಿಯೋ ಕಂಡುಕೊಂಡ ನಿಯಮವೇ. ಕಲಾವಿದನು ಎಲ್ಲ ಅಂತರಗಳನ್ನೂ ಸಮನಾಗಿಟ್ಟರೆ ಆ ಕಲ್ಲಿಗೆ ತೂಕವೇ ಇಲ್ಲವೆಂದು ಮಗುವಿಗೂ ಅನಿಸುವುದು. ದೃಶ್ಯವನ್ನು ಹತ್ತರಲ್ಲಿ ಒಂದು ಪ್ರಮಾಣಕ್ಕೆ ಕುಗ್ಗಿಸಿದ್ದರೆ ಕಲ್ಲು ಐದೂವರೆ ಸೆಂಟಿಮೀಟರ್ ಮಾತ್ರ ಬೀಳಬೇಕು. ಆದರೆ ಆ ನಾಲ್ಕು ಭಂಗಿಗಳ ಕಾಲವನ್ನೇ ತೆಗೆದುಕೊಳ್ಳಬೇಕು. ಕಣ್ಣಿಗೆ ಗಾತ್ರವನ್ನು ಹೇಳುವುದು ಕಾಲ.

ಆಳವೂ ಚಲನೆಯೂ ಸೇರಿದಾಗ ನಾವು ಮೊದಲು ಹೇಳಿದ ದೃಗ್ಭೇದವು ಮರಳಿ ಬರುವುದು. ಪದರಗಳನ್ನು ಬೇರೆ ಬೇರೆ ಗಾಜುಗಳ ಮೇಲಿಟ್ಟು, ಹತ್ತಿರದ್ದನ್ನು ಹೆಚ್ಚಾಗಿಯೂ ದೂರದ್ದನ್ನು ಕಡಿಮೆಯಾಗಿಯೂ ಸರಿಸಿದರೆ, ತೆರೆಯ ಮುಂದೆ ಕುಳಿತವನಿಗೆ ತಾನೇ ನಡೆದಂತೆ ತೋರುವುದು. ರೈನಿಗರ್ ಈ ಉಪಾಯವನ್ನು ಬಳಸಿದ್ದರು. ಡಿಸ್ನಿಯವರ ಬಹುಪದರ ಕ್ಯಾಮರಾ ೧೯೩೭ರಲ್ಲಿ ಇದನ್ನು ಪ್ರಸಿದ್ಧಿಗೆ ತಂದಿತು. ಹೆನ್ರಿ ಸೆಲಿಕ್ ನಿರ್ದೇಶಿಸಿದ ‘ಕೊರಲೈನ್’ ಎಂಬ ೨೦೦೯ರ ಬೊಂಬೆಯ ಚಿತ್ರದಲ್ಲಿ ವೀಟ್‌ಸ್ಟನ್ನನ ತತ್ವವೂ ಸೇರಿತು. ಪ್ರತಿಯೊಂದು ಭಂಗಿಯನ್ನೂ ಒಮ್ಮೆ ಎಡಗಣ್ಣಿಗೆ, ಕ್ಯಾಮರಾವನ್ನು ಸ್ವಲ್ಪ ಸರಿಸಿ ಒಮ್ಮೆ ಬಲಗಣ್ಣಿಗೆಂದು ಎರಡು ಸಲ ತೆಗೆದರು. ಎಷ್ಟು ಸರಿಸಬೇಕೆಂಬುದು ಬೊಂಬೆಯ ಗಾತ್ರದ ಲೆಕ್ಕ. ಬೊಂಬೆಯು ಮನುಷ್ಯನ ಆರರಲ್ಲಿ ಒಂದು ಪಾಲಿದ್ದರೆ ಕಣ್ಣುಗಳ ಅಂತರವೂ ಆರರಲ್ಲಿ ಒಂದು ಪಾಲಾಗಬೇಕು. ಅಂದರೆ ಸುಮಾರು ೧೧ ಮಿಲಿಮೀಟರ್.

ಉಳಿಯಬೇಕಾದುದು

ಇಂದು ಗಣಕಯಂತ್ರವು ಈ ಎಲ್ಲವನ್ನೂ ಮಾಡಬಲ್ಲದು. ಅದು ಓರೆಯಾದ ಮಗ್ಗುಲಿಗೆ ಕೊಸೈನಿನ ಲೆಕ್ಕದಿಂದ ಬೆಳಕು ಹಂಚುವುದು. ದೀಪದ ಗಾತ್ರದಿಂದ ಉಪಚ್ಛಾಯೆಯನ್ನು ಎಣಿಸುವುದು. ಪದರಗಳನ್ನು ದೃಗ್ಭೇದಕ್ಕೆ ತಕ್ಕಂತೆ ಸರಿಸುವುದು. ಕಾಗದ, ದೀಪಗಳಿಂದ ಕೆಲಸ ಮಾಡುವವರು ಕೈಯಿಂದ ಕಲಿತ ನಿಯಮಗಳನ್ನೇ ಅದಕ್ಕೆ ಬರೆದುಕೊಟ್ಟಿರುವುದರಿಂದ ಇದು ಆಶ್ಚರ್ಯವಲ್ಲ. ಆದರೆ ತೊಗಲುಗೊಂಬೆಯವರ ನಿಯಮಗಳನ್ನು ಹೀಗೆ ಬರೆದಿಟ್ಟವರು ವಿರಳ. ಅವರ ಗೊಂಬೆಗಳನ್ನು ಉಳಿಸುವ ಕೆಲಸ ನಡೆದಿದೆ. ೧೯೬೦ರಲ್ಲಿ ಸ್ಥಾಪಿತವಾದ ಕರ್ನಾಟಕ ಚಿತ್ರಕಲಾ ಪರಿಷತ್ತು ವೈಯಾಲಿಕಾವಲಿಗೆ ಅಷ್ಟೇನೂ ದೂರವಲ್ಲದ ಕುಮಾರಕೃಪಾ ರಸ್ತೆಯಲ್ಲಿದೆ. ಅದರ ನಿರ್ಮಾಪಕರಾದ ಎಂ. ಎಸ್. ನಂಜುಂಡರಾಯರು ನಾಡಿನ ತೊಗಲುಗೊಂಬೆಗಳನ್ನು ಸಂಗ್ರಹಿಸಿ ಅವುಗಳ ಮೇಲೆ ಗ್ರಂಥವನ್ನೂ ರಚಿಸಿದರು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಪುರಾಣದ ಕಥೆಗಳ ಜೊತೆಗೆ ಗಾಂಧೀಜಿಯವರ ಕಥೆಯನ್ನೂ ಗೊಂಬೆಗಳಿಂದ ಆಡಿಸಿದರು. ಅವರು ೨೦೨೩ರಲ್ಲಿ ನಿಧನರಾದರು. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ೨೦೨೫ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಅವರ ವಯಸ್ಸು ತೊಂಬತ್ತು ದಾಟಿತ್ತು.

ಗೊಂಬೆಯೊಂದನ್ನು ಗೋಡೆಗೆ ತೂಗುಹಾಕಿ ಎದುರಿನಿಂದ ಬೆಳಕು ಬಿಟ್ಟರೆ ನಮಗೆ ಕಾಣುವುದು ಅದರ ಅರ್ಧ ಮಾತ್ರ. ಮೇಲ್ಮೈಯಿಂದ ಮರಳಿದ ಬಿಳಿಯ ಬೆಳಕು ಬಣ್ಣದೊಡನೆ ಬೆರೆತು ಅದನ್ನು ಮಂಕಾಗಿಸುವುದು. ಚರ್ಮದ ಮೂಲಕ ಹಾದುಬಂದ ಬೆಳಕಿನಲ್ಲಿ ಮಾತ್ರ ಬಣ್ಣವು ತನ್ನ ಪೂರ್ಣ ಕಾಂತಿಯನ್ನು ತೋರುವುದು. ಚರ್ಮ ಎಷ್ಟು ತೆಳುವಾಗಿರಬೇಕು, ದೀಪ ಎಷ್ಟು ದೂರವಿರಬೇಕು, ಯಾವ ಮಾತಿಗೆ ಗೊಂಬೆಯನ್ನು ತೆರೆಯಿಂದ ಎಷ್ಟು ಹಿಂದಕ್ಕೆಳೆಯಬೇಕು, ಈ ಅಳತೆಗಳು ಗೊಂಬೆಯಲ್ಲಿ ಇಲ್ಲ, ಆಡಿಸುವವರ ಕೈಯಲ್ಲಿವೆ. ಗೊಂಬೆಯನ್ನು ಪೆಟ್ಟಿಗೆಯಲ್ಲಿಟ್ಟು ನೂರು ವರ್ಷ ಕಾಪಾಡಬಹುದು. ಕೈಯ ಅಳತೆಯನ್ನು ಹಾಗೆ ಇಡಲಾಗದು.

ಇಲ್ಲಿ ನಮ್ಮ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೊಂದಿದೆ. ಮೊದಲು ಮನೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ, ಮೂರು ಹಾಳೆ ಬಟರ್ ಪೇಪರ್, ಒಂದು ಟಾರ್ಚು ಇಷ್ಟನ್ನು ಇಟ್ಟುಕೊಂಡು ಪದರಗಳ ಅಂತರವನ್ನೂ ದೀಪದ ದೂರವನ್ನೂ ಬದಲಾಯಿಸುತ್ತ ಉಪಚ್ಛಾಯೆಯ ಅಗಲವನ್ನು ಅಳೆದು, ಮೇಲೆ ಹೇಳಿದ ಲೆಕ್ಕದೊಡನೆ ತಾಳೆನೋಡಲಿ. ಕೈ ಪಳಗಿದ ಮೇಲೆ, ತೊಗಲುಗೊಂಬೆಯ ಆಟ ನಡೆಯುವಲ್ಲಿಗೆ ಹೋಗಿ, ಮೇಳದವರ ಅನುಮತಿ ಪಡೆದು, ತೆರೆಯ ಹಿಂದೆ ಕುಳಿತು, ದೀಪದ ಗಾತ್ರ, ದೀಪದಿಂದ ತೆರೆಗಿರುವ ದೂರ, ಒಂದೊಂದು ಸನ್ನಿವೇಶದಲ್ಲಿ ಗೊಂಬೆ ಹಿಂದೆ ಸರಿಯುವ ದೂರ ಇವನ್ನು ಟೇಪು ಹಿಡಿದು ಅಳೆದು, ಯಾವ ಊರು, ಯಾವ ದಿನ, ಯಾವ ಪ್ರಸಂಗ ಎಂಬುದರೊಡನೆ ಟಿಪ್ಪಣಿ ಪುಸ್ತಕದಲ್ಲಿ ಬರೆದಿಡಲಿ.